ಎರಡೇ ಕೋರ್‌ಗಳ ಅಗ್ಗದ ಪ್ರೊಸೆಸರಿನಲ್ಲಿ ಕಾರಿನ ಇನ್ಫೋಟೈನ್‌ಮೆಂಟ್: ನನ್ನ ಅನುಭವ

ಎರಡು ಕಾರ್ಟೆಕ್ಸ್ ಎ9 ಕೋರ್‌ಗಳಿರುವ ಐ.ಎಂ.ಎಕ್ಸ್ 6 ಡ್ಯುಯಲ್‌ಲೈಟ್ ಚಿಪ್ಪಿನ ಮೇಲೆ ಇನ್ಫೋಟೈನ್‌ಮೆಂಟ್ ಘಟಕ (ಹಾಡು, ನಕ್ಷೆ, ಕ್ಯಾಮೆರಾ ತೋರಿಸುವ ಕಾರಿನ ಪರದೆ) ಕಟ್ಟುವುದು ಆಗದ ಮಾತು ಎಂದು ಈ ಕೆಲಸ ಬಲ್ಲವರೇ ಹೇಳಿದ್ದರು. ಈ ಕುಟುಂಬದ ಚಿಪ್ಪುಗಳನ್ನು ಚಿಪ್ ತಯಾರಕ ಫ್ರೀಸ್ಕೇಲ್ ಪ್ರಕಟಿಸಿದ್ದು 2011ರಲ್ಲಿ. ಆ ಸಂಸ್ಥೆಯೇ 2015ರಲ್ಲಿ ಮತ್ತೊಂದು ಚಿಪ್ ಸಂಸ್ಥೆಯಾದ ಎನ್‌ಎಕ್ಸ್‌ಪಿಯೊಳಗೆ ಸೇರಿಹೋಯಿತು ಎಂದು ನೆನಪಿಸಿ ನಕ್ಕವರೂ ಇದ್ದರು. ಈಗ ನನ್ನ ಘಟಕದಲ್ಲಿ ವಿದ್ಯುತ್ ಬಂದ ಒಂದೂವರೆ ಸೆಕೆಂಡಿನ ಆಸುಪಾಸಿಗೆ ಹಿಂಬದಿ ಕ್ಯಾಮೆರಾದ ಚಿತ್ರವೂ, ನಾಲ್ಕು ಸೆಕೆಂಡಿನೊಳಗೆ ಮುಖಪುಟವೂ ಪರದೆಗೆ ಬರುತ್ತವೆ. ಪ್ರೊಸೆಸರ್, ಮೆಮೊರಿ, ಪವರ್ ಚಿಪ್ ಮತ್ತು ಬೋರ್ಡು ಸೇರಿದ ಖರ್ಚು ಹಿಂದಿನ ವಿನ್ಯಾಸದ ಅರ್ಧಕ್ಕಿಂತ ಕೆಳಗಿದೆ.

ಹಿಂದಿನದು ಟ್ಯಾಬ್ಲೆಟ್ಟಿಗೆಂದು ತಯಾರಾದ ಎಂಟು ಕೋರ್‌ಗಳ ಚಿಪ್ಪಿನ ಮೇಲೆ ಆಂಡ್ರಾಯ್ಡ್ ಓಡಿಸುತ್ತಿತ್ತು. ಮೇಜಿನ ಮೇಲೆ ಅದು ಬಲು ಚುರುಕು. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಕೂರಿಸಿದ ಮೇಲೆ ಮಾತ್ರ ಕ್ಲಾಕ್ ವೇಗ ಕುಸಿದು, ಎಂಟು ಕೋರ್‌ಗಳು ಹೆಸರಿಗಷ್ಟೇ ಉಳಿಯುತ್ತಿದ್ದವು. ಬೂಟ್ ಆಗುವುದಕ್ಕೆ ಅರ್ಧ ನಿಮಿಷದಷ್ಟು ಬೇಕಿತ್ತು. ಆದರೆ ನಿಜವಾಗಿ ಹಣ ನುಂಗಿದ್ದು ಸುತ್ತಲಿನ ಸರಂಜಾಮು. ಎಲ್‌ಪಿಡಿಡಿಆರ್4 ಮೆಮೊರಿ, ಹತ್ತು ಪದರಗಳ ಬೋರ್ಡು, ಹೀಟ್‌ಸಿಂಕ್, ಲೇಔಟ್ ತಿದ್ದಿದಾಗಲೆಲ್ಲ ಹೊಸದಾಗಿ ತೆರಬೇಕಾದ ಬೋರ್ಡಿನ ಶುಲ್ಕ ಇವೆಲ್ಲ ಸೇರಿ, ಚಿಪ್ಪಿನ ಬೆಲೆ ಒಂದಾದರೆ ಅದನ್ನು ಸಾಕುವ ಖರ್ಚು ಸುಮಾರು ಮೂರಾಗಿತ್ತು. ಡ್ಯುಯಲ್‌ಲೈಟನ್ನು ಬೋರ್ಡಿಗೆ ಬೆಸೆಯುವ ಸೋಲ್ಡರ್ ಗುಂಡುಗಳ ನಡುವೆ 0.8 ಮಿಲಿಮೀಟರ್ ಅಂತರವಿರುವುದರಿಂದ ಆರು ಪದರಗಳ ಸಾಮಾನ್ಯ ಬೋರ್ಡು ಸಾಕಾಯಿತು, ಮೆಮೊರಿಗೆ ಡಿಡಿಆರ್3 ನಡೆಯಿತು. ವಾಹನ ದರ್ಜೆಯ ಚಿಪ್ಪಿನ ಜಂಕ್ಷನ್ (ಒಳಗಿನ ಸಿಲಿಕಾನ್) 125 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಿಕೊಳ್ಳುವುದರಿಂದ ಅಲ್ಯೂಮಿನಿಯಂ ಹೊದಿಕೆಯನ್ನು ಬಿಟ್ಟು ತಂಪಿಗೆ ಬೇರೇನನ್ನೂ ಹಾಕಲಿಲ್ಲ.

ಕೋರ್‌ಗಳ ಲೆಕ್ಕ ಹಿಡಿದು ಪ್ರೊಸೆಸರ್ ಆರಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಫೋನ್ ಪ್ರೊಜೆಕ್ಷನ್‌ನಲ್ಲಿ, ಅಂದರೆ ಫೋನಿನ ಚಿತ್ರವನ್ನು ಕಾರಿನ ಪರದೆಯಲ್ಲಿ ತೋರಿಸುವಾಗ, ನಕ್ಷೆ ಬಿಡಿಸುವುದು, ದಾರಿ ಹುಡುಕುವುದು, ಮಾತು ಗುರುತಿಸುವುದು ಎಲ್ಲವೂ ಫೋನಿನ ಪಾಲು, ಎಚ್.264 ಎಂಬ ರೂಪದಲ್ಲಿ ಕುಗ್ಗಿಸಿ ಬಂದ ವಿಡಿಯೊವನ್ನು ಬಿಚ್ಚಿ ತೋರಿಸಿ, ಬೆರಳು ಮುಟ್ಟಿದ ಜಾಗವನ್ನು ತಿರುಗಿ ಕಳಿಸುವುದಷ್ಟೇ ಘಟಕದ ಪಾಲು. ಅದಕ್ಕೆ ಬೇಕಾದದ್ದು ವಿಡಿಯೊ ಡಿಕೋಡರ್ ಹಾರ್ಡ್‌ವೇರ್, ಮತ್ತು ಲಿನಕ್ಸ್‌ನ ಅಧಿಕೃತ (ಮೇನ್‌ಲೈನ್) ಕರ್ನಲ್‌ನಲ್ಲೇ, ಅಂದರೆ ಆ ವ್ಯವಸ್ಥೆಯ ತಿರುಳಿನಲ್ಲೇ, ಅದಕ್ಕಿರುವ ಡ್ರೈವರ್. ಇದನ್ನು ಖಚಿತಪಡಿಸಿಕೊಳ್ಳಲೆಂದೇ ನಾಲ್ಕು ಎ53 ಕೋರ್‌ಗಳಿರುವ ಎಎಂ625 ಎಂಬ ಬೇರೊಂದು ಚಿಪ್ಪಿನ ಬೋರ್ಡಿನಲ್ಲೂ ಇದೇ ತಂತ್ರಾಂಶವನ್ನು ಓಡಿಸಿ ನೋಡಿದೆ. ಕಾಗದದ ಮೇಲೆ ಅದು ಬಲಶಾಲಿಯಾದರೂ ಅದರಲ್ಲಿ ವಿಡಿಯೊ ಡಿಕೋಡರ್ ಇಲ್ಲ. 720ಪಿ ಚಿತ್ರವನ್ನು ತಂತ್ರಾಂಶದಲ್ಲೇ ಬಿಚ್ಚುವಾಗ ಕೋರ್‌ಗಳು ಅದರಲ್ಲೇ ಮುಳುಗಿ, ಮುಟ್ಟಿದ್ದಕ್ಕೆ ಪರದೆ ತಡವರಿಸಿತು. ಡ್ಯುಯಲ್‌ಲೈಟ್ ಅದೇ ಕೆಲಸವನ್ನು ಒಂದು ಕೋರಿನ ಕಾಲು ಭಾಗವನ್ನೂ ಬಳಸದೆ ಮುಗಿಸಿತು. ಆಫ್‌ಲೈನ್ ಧ್ವನಿ ಆದೇಶಗಳನ್ನೂ ಇದರ ಮೇಲೆ ಹೇರಿ ನೋಡಿದ್ದುಂಟು. ಹಾಡು ತಡೆತಡೆದು ಬಂದದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆ.

ಹೆಚ್ಚು ಶ್ರಮ ಹಿಡಿದದ್ದು ಬೂಟ್. ಬೂಟ್ ಸಂದೇಶಗಳನ್ನು ಹೊರಗೆ ಕಳಿಸುವ ತಂತಿಯಾದ ಸೀರಿಯಲ್ ಕನ್ಸೋಲ್ 115200 ಬಾಡ್ ವೇಗದಲ್ಲಿ ಸೆಕೆಂಡಿಗೆ ಹನ್ನೊಂದು ಕಿಲೋಬೈಟ್ ಚಿಲ್ಲರೆಯನ್ನಷ್ಟೇ ಕಳಿಸಬಲ್ಲದು. ಕರ್ನಲ್‌ನ ಬೂಟ್ ಸಂದೇಶಗಳು ಅದಕ್ಕಿಂತ ಹೆಚ್ಚೇ ಇದ್ದುದರಿಂದ, ಅವನ್ನು ಅಡಗಿಸಿದ್ದಕ್ಕೇ ಒಂದು ಸೆಕೆಂಡಿನಷ್ಟು ಉಳಿಯಿತು. ಯೂ-ಬೂಟ್ ಎಂಬ ಬೂಟ್‌ಲೋಡರ್ ತನ್ನ ಹೆಚ್ಚಿನ ಹಂತಗಳನ್ನು ಬಿಟ್ಟು ನೇರವಾಗಿ ಕರ್ನಲ್ ಎಬ್ಬಿಸುವ ಫಾಲ್ಕನ್ ಮೋಡ್, ಬೇಗ ಬಿಚ್ಚಿಕೊಳ್ಳುವ ಎಲ್‌ಝಡ್4 ಸಂಕೋಚನ, ಪರದೆಯ ಕಿಟಕಿಗಳನ್ನು ನಿಭಾಯಿಸುವ ಎಕ್ಸ್ ಸರ್ವರ್ ಇಲ್ಲದೆ ಇಜಿಎಲ್‌ಎಫ್‌ಎಸ್ ಮೂಲಕ ನೇರವಾಗಿ ಪರದೆಗೆ ಬಿಡಿಸುವ ಕ್ಯೂಟಿ (ಮುಖಪುಟ ಕಟ್ಟಿದ ತಂತ್ರಾಂಶ), ಇವು ಈ ಕೆಲಸದಲ್ಲಿರುವವರಿಗೆ ಗೊತ್ತಿರುವಂಥವೇ. ಕ್ಯಾಮೆರಾಕ್ಕೆ ಮಾತ್ರ ಬೇರೆ ದಾರಿ ಹಿಡಿದೆ. ಹಿಂದಿನ ಗೇರ್ ಹಾಕಿದ 2 ಸೆಕೆಂಡಿನೊಳಗೆ ಚಿತ್ರ ಕಾಣಬೇಕೆಂಬುದು ಅಮೆರಿಕದ ವಾಹನ ಸುರಕ್ಷತಾ ಮಾನದಂಡಗಳ (ಎಫ್‌ಎಂವಿಎಸ್‌ಎಸ್) 111ನೇ ನಿಯಮ. ಕ್ಯೂಟಿಯನ್ನು ಕಾದರೆ ಅದು ಆಗುವುದಿಲ್ಲ. ಆದ್ದರಿಂದ ಕರ್ನಲ್ ಎದ್ದ ಕೂಡಲೇ ಓಡುವ, ತನಗೆ ಬೇಕಾದ ಲೈಬ್ರರಿಗಳನ್ನು ತನ್ನೊಳಗೇ ಹೊತ್ತ (ಸ್ಟ್ಯಾಟಿಕ್) ಒಂದು ಪುಟ್ಟ ಪ್ರೋಗ್ರಾಮ್ ಕ್ಯಾಮೆರಾದ ಚಿತ್ರವನ್ನು ನೇರವಾಗಿ ಪರದೆಯ ಪದರಕ್ಕೆ ಹರಿಸುತ್ತದೆ, ಕ್ಯೂಟಿ ಅದರ ಹಿಂದೆ ಸದ್ದಿಲ್ಲದೆ ಸಿದ್ಧವಾಗುತ್ತದೆ. ಕ್ಯಾಮೆರಾದ ಅನಲಾಗ್ ಸಂಕೇತವನ್ನು ಡಿಜಿಟಲ್ ಮಾಡುವ ಎಡಿವಿ7180 ಡಿಕೋಡರ್ ಚಿಪ್ ಆ ಸಂಕೇತಕ್ಕೆ ಲಾಕ್ ಆಗುವವರೆಗಿನ (ಹೊಂದಿಕೊಳ್ಳುವವರೆಗಿನ) ಮೊದಲ ಕೆಲವು ಫ್ರೇಮ್‌ಗಳು ಹರಿದುಹೋದಂತೆ ಬರುತ್ತವೆ. ಪ್ರೊಸೆಸರ್ ಏಳುವ ಮೊದಲೇ ಪಕ್ಕದ ಪುಟ್ಟ ಸಹಾಯಕ ಚಿಪ್ಪಾದ ಮೈಕ್ರೊಕಂಟ್ರೋಲರ್ ಆ ಡಿಕೋಡರನ್ನು ಎಬ್ಬಿಸಿಟ್ಟರೆ ಆ ತೊಂದರೆ ಇರುವುದಿಲ್ಲ. ಬೂಟ್‌ಲೋಡರಿನ ಲಾಂಛನದಿಂದ ಕರ್ನಲ್‌ಗೆ ಪರದೆಯನ್ನು ಮಿನುಗದಂತೆ ದಾಟಿಸುವ ಉಪಾಯ ನನ್ನಲ್ಲೇ ಇರಲಿ.

ಕಾರಿನ ಘಟಕಗಳು ಪರಸ್ಪರ ಮಾತಾಡುವ ಕ್ಯಾನ್ ಜಾಲಕ್ಕೆ ಚಿಪ್ಪಿನಲ್ಲೇ ಎರಡು ಫ್ಲೆಕ್ಸ್‌ಕ್ಯಾನ್ ನಿಯಂತ್ರಕಗಳಿರುವಾಗ ಮೈಕ್ರೊಕಂಟ್ರೋಲರ್ ದಂಡ ಎಂದವರಿಗೆ ಉತ್ತರವೂ ಇಲ್ಲಿಯೇ ಇದೆ. ಲಿನಕ್ಸ್ ಏಳುವ ಮೊದಲಿನ ಕ್ಯಾನ್ ಸಂದೇಶಗಳನ್ನು ಕೇಳುವವರು ಬೇಕು, ನಿಂತ ಕಾರಿನಲ್ಲಿ ಒಂದು ಮಿಲಿಆಂಪ್‌ಗಿಂತ ಕಡಿಮೆ ಕರೆಂಟಿನಲ್ಲಿ ಎಚ್ಚರವಾಗಿರುವವರೂ ಬೇಕು. ಇಂಜಿನ್ ನಿಂತ ಮೇಲೆ ಒಂದೆರಡು ಗಂಟೆ ಡಿಡಿಆರ್ ಮೆಮೊರಿಯನ್ನು ಸೆಲ್ಫ್ ರಿಫ್ರೆಶ್‌ನಲ್ಲಿಟ್ಟು (ಕಡಿಮೆ ವಿದ್ಯುತ್ತಿನಲ್ಲಿ ತನ್ನ ಮಾಹಿತಿಯನ್ನು ತಾನೇ ಉಳಿಸಿಕೊಳ್ಳುವಂತೆ ಮಾಡಿ) ಪ್ರೊಸೆಸರನ್ನು ಮಲಗಿಸುತ್ತೇನೆ, ಆದ್ದರಿಂದ ಅಂಗಡಿಗೆ ಹೋಗಿ ಬಂದಷ್ಟರಲ್ಲಿ ಮತ್ತೆ ಬೂಟ್ ಮಾಡುವ ಪ್ರಮೇಯವಿಲ್ಲ; ಆ ಅವಧಿ ಮೀರಿದರೆ ಮೈಕ್ರೊಕಂಟ್ರೋಲರ್ ಪ್ರೊಸೆಸರಿನ ವಿದ್ಯುತ್ತನ್ನೇ ಕಡಿದುಹಾಕುತ್ತದೆ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ 6 ವೋಲ್ಟಿಗೆ ಇಳಿದರೂ ಘಟಕ ರೀಸೆಟ್ ಆಗಬಾರದೆಂದು ವಿದ್ಯುತ್ ಒಳಬರುವಲ್ಲೇ ವೋಲ್ಟೇಜನ್ನು ಇಳಿಸಿಯೂ ಏರಿಸಿಯೂ ಕೊಡುವ ಬಕ್-ಬೂಸ್ಟ್ ಪರಿವರ್ತಕ ಹಾಕಿದ್ದೇನೆ, ಅಲ್ಲಿ ಮಾತ್ರ ಜಿಪುಣತನ ಮಾಡಿಲ್ಲ.

ಮೊದಲ ಬೋರ್ಡಿನಲ್ಲಿ ಎಎಂ ರೇಡಿಯೊ ಹಾಕಿದರೆ ಒಂದೇ ಸಮನೆ ಸಿಳ್ಳೆ ಕೇಳುತ್ತಿತ್ತು. ವೋಲ್ಟೇಜನ್ನು 5 ವೋಲ್ಟಿಗೆ ಇಳಿಸುವ ಬಕ್ ಪರಿವರ್ತಕ 600 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಸ್ವಿಚ್ ಆಗುತ್ತಿತ್ತು, ಅದು ಎಎಂ ಪಟ್ಟಿಯ ಒಳಗೇ ಬರುವ ಆವರ್ತನ. 2.1 ಮೆಗಾಹರ್ಟ್ಸ್‌ಗೆ ಏರಿಸಿದ ಮೇಲೆ ದಕ್ಷತೆ ಎರಡು ಮೂರು ಶೇಕಡಾ ಕಳೆದುಕೊಂಡೆನಾದರೂ ಇಂಡಕ್ಟರ್ ಚಿಕ್ಕದಾಯಿತು, ಅದರ ಬೆಲೆಯೂ ಇಳಿಯಿತು. ಈಗ ಉಳಿದಿರುವುದು ಪರದೆಗೆ ಚಿತ್ರ ಒಯ್ಯುವ ಎಲ್‌ವಿಡಿಎಸ್ ಕೇಬಲ್ಲಿನಿಂದ ಎಫ್‌ಎಂಗೆ ತಾಗುವ ಸಣ್ಣ ಗೊರಗೊರ ಸದ್ದು. ಕವಚವಿರುವ ಕೇಬಲ್ಲನ್ನು ಪರೀಕ್ಷೆಗೆ ಹಾಕಿದ್ದೇನೆ.