ತಾರಸಿಯ ನೀಲಿ ಪ್ಯಾನೆಲ್: ಕರೆಂಟ್ ಪೋಲಾಗದಂತೆ ನೋಡಿಕೊಳ್ಳುವುದು ಹೇಗೆ?

ನಿಮ್ಮ ತಾರಸಿಯ ಸೋಲಾರ್ ಪ್ಯಾನೆಲ್ ನೀಲಿ ಬಣ್ಣದ್ದಾ? ಬಿಸಿಲಲ್ಲಿ ಓರೆಯಾಗಿ ನೋಡಿದರೆ ಗಾಜಿನ ಚೂರು ಜೋಡಿಸಿದ ಹಾಗೆ ಹರಳು ಹರಳಾಗಿ ಕಾಣುತ್ತದಾ? ಹಾಗಿದ್ದರೆ ಅದು ಪಾಲಿಕ್ರಿಸ್ಟಲೈನ್, ಅಂಗಡಿಯವರ ಬಾಯಲ್ಲಿ ‘ಪಾಲಿ’. ಬಿದ್ದ ಬಿಸಿಲಿನಲ್ಲಿ ಶೇ 15ರಿಂದ 17ರಷ್ಟು ಮಾತ್ರ ಅದು ಕರೆಂಟ್ ಮಾಡುತ್ತದೆ. ಹರಳು ಹರಳು ಕೂಡುವ ಅಂಚಿನಲ್ಲಿ ಒಂದಿಷ್ಟು ನಷ್ಟವಾಗುತ್ತದೆ. ಇದಕ್ಕೆಲ್ಲ ಮದ್ದು ಕಾರ್ಖಾನೆಯಲ್ಲೇ ಆಗಬೇಕು. ಅಲ್ಲಿ ಆಸಿಡ್‌ನಿಂದ ಪ್ಯಾನೆಲ್‌ನ ಮೂಲವಸ್ತುವಾದ ಸಿಲಿಕಾನನ್ನು ಒರಟು ಮಾಡುತ್ತಾರೆ, ಬೆಳಕು ವಾಪಸ್ ಹೋಗದಂತೆ ಸಿಲಿಕಾನ್ ನೈಟ್ರೈಡ್ ಲೇಪಿಸುತ್ತಾರೆ. ಆ ನೀಲಿ ಬಣ್ಣ ಬರುವುದು ಈ ಲೇಪದಿಂದಲೇ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2017ರಲ್ಲಿ ಪಾಲಿ ಸೆಲ್ (ಪ್ಯಾನೆಲ್ ಒಳಗಿನ ಒಂದೊಂದು ಚೌಕ ಬಿಲ್ಲೆ) ಒಂದನ್ನು ಶೇ 22.3ಕ್ಕೆ ಮುಟ್ಟಿಸಿತ್ತು, ಆದರೆ ಅದು ಲ್ಯಾಬ್ ಕೆಲಸ. ನಮ್ಮ ಕೈಯಲ್ಲಿರುವುದು ಬಂದ ಕರೆಂಟನ್ನು ಪೋಲು ಮಾಡದೆ ಇರುವುದು.

1. ಮೊದಲು ನೆರಳು ಹಿಡಿಯಿರಿ

ಬೇರೆಲ್ಲಕ್ಕಿಂತ ಜಾಸ್ತಿ ಹೊಡೆತ ಕೊಡುವುದು ಇದೇ. 72 ಸೆಲ್‌ಗಳ ಪ್ಯಾನೆಲ್‌ನಲ್ಲಿ 24ರಂತೆ ಮೂರು ಗುಂಪು ಇರುತ್ತವೆ. ಒಂದೇ ಒಂದು ಸೆಲ್ ಮೇಲೆ ದಟ್ಟ ನೆರಳು ಬಿದ್ದರೂ ಹಿಂಬದಿಯ ಡಯೋಡ್ (ಕರೆಂಟನ್ನು ಬಳಸುದಾರಿಗೆ ತಿರುಗಿಸುವ ಪುಟ್ಟ ಬಿಡಿಭಾಗ) ಆ ಗುಂಪನ್ನೇ ಪಕ್ಕಕ್ಕಿಡುತ್ತದೆ. ತೆಂಗಿನ ಗರಿಯ ತುದಿ, ಡಿಶ್ ಆಂಟೆನಾ ಸಾಕು, ಮೂರನೇ ಒಂದು ಪಾಲು ಹೋಯಿತು. ಉದ್ದಕ್ಕೆ ನಿಲ್ಲಿಸಿದ ಪ್ಯಾನೆಲ್‌ನ ಕೆಳ ಅಂಚಿಗೆ ಪ್ಯಾರಾಪೆಟ್ ಗೋಡೆಯ ನೆರಳು ಬಂದರೆ ಮೂರೂ ಗುಂಪು ಒಟ್ಟಿಗೆ ಮಲಗುತ್ತವೆ. ಅದನ್ನೇ ಅಡ್ಡಡ್ಡ ಕೂರಿಸಿದ್ದರೆ ಒಂದೇ ಗುಂಪು ಹೋಗುತ್ತಿತ್ತು.

ನೆರಳು ನೋಡುವುದು ಯಾವಾಗ? ಏಪ್ರಿಲ್‌ನಲ್ಲಿ ನೋಡಿ ಮೋಸ ಹೋಗಬೇಡಿ. ಆ ತಿಂಗಳ ಕೊನೆಯ ವಾರ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ, ನೆರಳೇ ಇರುವುದಿಲ್ಲ. ಡಿಸೆಂಬರ್ ಕೊನೆಗೆ ಅದೇ ಸೂರ್ಯ ದಕ್ಷಿಣಕ್ಕೆ ವಾಲಿ, ಒಂದು ಮೀಟರ್ ಗೋಡೆ ಮಟಮಟ ಮಧ್ಯಾಹ್ನವೂ ಮುಕ್ಕಾಲು ಮೀಟರ್ ನೆರಳು ಚಾಚುತ್ತದೆ. ಡಿಸೆಂಬರ್‌ನ ಒಂದು ದಿನ ಬೆಳಿಗ್ಗೆ 9ಕ್ಕೆ, 12ಕ್ಕೆ, ಮಧ್ಯಾಹ್ನ 3ಕ್ಕೆ ಫೋಟೊ ತೆಗೆದುಕೊಳ್ಳಿ. ಗರಿ ಕತ್ತರಿಸಬೇಕೋ, ಸ್ಟ್ಯಾಂಡ್ ಸರಿಸಬೇಕೋ, ಆಗ ಗೊತ್ತಾಗುತ್ತದೆ.

2. ಕೆಳಗೆ ಗಾಳಿ ಆಡಲಿ

ಸೋಲಾರ್‌ಗೆ ಬೇಕಿರುವುದು ಬೆಳಕು, ಶಾಖ ಅಲ್ಲ. ಲೇಬಲ್‌ನ (ಉದಾಹರಣೆಗೆ) 335 ವಾಟ್ ಎಂಬ ಲೆಕ್ಕ ಸೆಲ್ 25 ಡಿಗ್ರಿಯಲ್ಲಿದ್ದಾಗಿನದು. ಅದರ ಮೇಲೆ ಏರುವ ಪ್ರತಿ ಡಿಗ್ರಿಗೆ ಪಾಲಿ ಸುಮಾರು ಶೇ 0.4 ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಸೆಲ್ 65 ಡಿಗ್ರಿ ಮುಟ್ಟಿದರೆ 335 ಇದ್ದದ್ದು 280ರ ಆಸುಪಾಸಿಗೆ ಇಳಿಯುತ್ತದೆ. ಶೀಟಿಗೆ ಅಂಟಿಸಿದಂತೆ ಕೂರಿಸಬೇಡಿ, ಕೈ ತೂರುವಷ್ಟಾದರೂ ಸಂದು ಬಿಡಿ. ಕೆಳಗೆ ಹಳೇ ಸಾಮಾನು ತುಂಬಬೇಡಿ.

3. ತೊಳೆಯಿರಿ, ಆದರೆ ಹೊತ್ತು ನೋಡಿ

ಬೆಳಿಗ್ಗೆ ಬಿಸಿಲೇರುವ ಮೊದಲೇ ಮುಗಿಸಿ. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಕೂರುತ್ತದೆ, ಮಳೆ ನೀರು ಒಳ್ಳೆಯದು. ಮೆತ್ತನೆ ಬಟ್ಟೆಯ ಮಾಪ್ ಸಾಕು, ಪಾತ್ರೆ ಉಜ್ಜುವ ನಾರು, ಪುಡಿ ಬೇಡವೇ ಬೇಡ. ಹಕ್ಕಿ ಹಿಕ್ಕೆಯನ್ನು ಕಂಡ ದಿನವೇ ನೆನೆಸಿ ತೆಗೆಯಿರಿ, ಅದರಡಿಯ ಸೆಲ್ ವಿಪರೀತ ಕಾಯುತ್ತದೆ. ಪ್ಯಾನೆಲ್ ಮೇಲೆ ಕಾಲಿಡಬೇಡಿ: ಒಳಗಿನ ಸೆಲ್‌ನ ದಪ್ಪ 0.2 ಮಿ.ಮೀ. ಅಷ್ಟೇ, ಸೀಳಿದ್ದು ಕಣ್ಣಿಗೂ ಕಾಣುವುದಿಲ್ಲ.

4. ಬ್ಯಾಟರಿ ಇದ್ದರೆ ಕಂಟ್ರೋಲರ್ ನೋಡಿ

ಇದನ್ನು ಯಾರೂ ಹೇಳುವುದಿಲ್ಲ. ಪ್ಯಾನೆಲ್‌ನ ಕರೆಂಟನ್ನು ಬ್ಯಾಟರಿಗೆ ಹದವಾಗಿ ತುಂಬುವ ಪೆಟ್ಟಿಗೆಯೇ ಕಂಟ್ರೋಲರ್. 335 ವಾಟ್ ಪ್ಯಾನೆಲ್ ಸುಮಾರು 37 ವೋಲ್ಟ್‌ನಲ್ಲಿ 9 ಆಂಪಿಯರ್ ಕೊಡುತ್ತದೆ. ಮನೆಯ 12 ವೋಲ್ಟ್ ಬ್ಯಾಟರಿಗೆ ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಮೂಲಕ ಜೋಡಿಸಿದರೆ ಆಂಪಿಯರ್ 9ರಲ್ಲೇ ಇರುತ್ತದೆ, ವೋಲ್ಟ್ ಮಾತ್ರ 13ರ ಹತ್ತಿರ ಇಳಿಯುತ್ತದೆ. ಸಿಗುವುದು 120 ವಾಟ್ ಅಷ್ಟೇ! ಎಂಪಿಪಿಟಿ ಕಂಟ್ರೋಲರ್ ಹಾಕಿದರೆ ಹೀಗೆ ಪೋಲಾಗುವ ವೋಲ್ಟನ್ನು ಆಂಪಿಯರ್ ಆಗಿ ಬದಲಿಸಿ ಕೊಡುತ್ತದೆ. ಬೆಲೆ ಜಾಸ್ತಿ, ನಿಜ. ಆದರೂ ಇನ್ನೊಂದು ಪ್ಯಾನೆಲ್ ಕೊಳ್ಳುವ ಮೊದಲು ಇದನ್ನೇ ಬದಲಿಸಿ ಎನ್ನುತ್ತೇನೆ.

5. ಹೊಸದು ಸೇರಿಸುವಾಗ

ಹಳೇ ಪಾಲಿ ಸಾಲಿಗೆ ಹೊಸ ಮೋನೋ (ಒಂದೇ ಹರಳಿನ ಸಿಲಿಕಾನಿನ) ಪ್ಯಾನೆಲನ್ನು ಒಂದರ ಹಿಂದೊಂದಾಗಿ, ಅಂದರೆ ಸೀರೀಸ್‌ನಲ್ಲಿ ಸಿಕ್ಕಿಸಬೇಡಿ. ಕಡಿಮೆ ಆಂಪಿಯರ್‌ನದ್ದೇ ಇಡೀ ಸಾಲನ್ನು ಹಿಡಿದು ನಿಲ್ಲಿಸುತ್ತದೆ. ಹೊಸದಕ್ಕೆ ಇನ್ವರ್ಟರ್‌ನಲ್ಲಿ ಬೇರೆ ಎಂಪಿಪಿಟಿ ಇನ್‌ಪುಟ್ ಕೊಡಿಸಿ. ಮತ್ತೆ, ಕನೆಕ್ಟರ್‌ಗಳನ್ನು ಸುಮ್ನೆ ಎಳೆದು ನೋಡಬೇಡಿ. ಎಂಟು ಪ್ಯಾನೆಲ್‌ಗಳ ಸಾಲಿನಲ್ಲಿ 300 ವೋಲ್ಟ್ ಡಿಸಿ ಹರಿಯುತ್ತಿರುತ್ತದೆ. ಇನ್ವರ್ಟರ್ ಆಫ್ ಮಾಡಿ, ಆ ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ಗೇ ಬಿಡಿ.