ಮನೆ ನಂಬರ್ ಹೇಳಿದ ಶಾಲೆ: ಡಲ್ಲಾಸ್ ಕಡೆ ಹೊರಟ ದಾವಣಗೆರೆ, ದುರ್ಗದವರಿಗೆ

ದಾವಣಗೆರೆಯಲ್ಲಿ ಮನೆ ನಿಜಲಿಂಗಪ್ಪ ಬಡಾವಣೆಯಲ್ಲಿದ್ದು ಶಾಲೆ ಊರಿನ ಆ ತುದಿಗಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸೀಟು ಸಿಕ್ಕರೆ ಸಾಕು, ವ್ಯಾನು ಬಾಗಿಲಿಗೇ ಬಂದು ಹಾರ್ನ್ ಹೊಡೆಯುತ್ತದೆ. ಅಮೆರಿಕದ ಡಲ್ಲಾಸಿನಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ, ಡೊನೇಷನ್ ಇಲ್ಲ, ಯಾರ ಶಿಫಾರಸೂ ನಡೆಯುವುದಿಲ್ಲ. ಮಗು ಯಾವ ಶಾಲೆಗೆ ಹೋಗಬೇಕು ಅಂತ ನಿಮ್ಮ ಮನೆ ನಂಬರ್ ಹೇಳುತ್ತದೆ. ಹಾಗಾಗಿ ಮನೆ ಹುಡುಕುವಾಗಲೇ ಶಾಲೆಯನ್ನೂ ಹುಡುಕುತ್ತಿದ್ದೀರಿ ಅಂತ ತಿಳಿಯಿರಿ.

ಹೊಸಬರು ಮೊದಲು ಎಡವುವುದು ಊರಿನ ಹೆಸರಿನಲ್ಲಿ. ಟೆಕ್ಸಸ್‌ನಲ್ಲಿ ಶಾಲೆಗಳನ್ನು ನಡೆಸುವುದು ನಗರಸಭೆಯಲ್ಲ, ಐಎಸ್‌ಡಿ (ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್) ಅನ್ನುವ ಬೇರೆಯದೇ ಸಂಸ್ಥೆ. ಅದರ ಗಡಿಗೂ ಊರಿನ ಗಡಿಗೂ ತಾಳೆಯಾಗಬೇಕೆಂದಿಲ್ಲ. ಪ್ಲೇನೋ, ಫ್ರಿಸ್ಕೋ, ಅರ್ವಿಂಗ್ ಎಲ್ಲ ಡಲ್ಲಾಸ್ ಆಸುಪಾಸಿನ ಊರುಗಳು. ವಾಯವ್ಯ ಪ್ಲೇನೋದ ಎಷ್ಟೋ ಮನೆಗಳು ಫ್ರಿಸ್ಕೋ ಐಎಸ್‌ಡಿಗೆ ಸೇರಿವೆ. ವಿಳಾಸದಲ್ಲಿ ಡಲ್ಲಾಸ್ ಅಂತಿದ್ದೂ ಪ್ಲೇನೋ ಐಎಸ್‌ಡಿಯಲ್ಲಿರುವ ಮನೆಗಳಿವೆ. ಅರ್ವಿಂಗಿನ ವ್ಯಾಲಿ ರ್‍ಯಾಂಚ್ ನಮ್ಮವರು ಬಹಳ ಇಷ್ಟಪಡುವ ಜಾಗ. ಅದರ ಒಂದು ಭಾಗ ಕೊಪೆಲ್ ಐಎಸ್‌ಡಿ, ಇನ್ನೊಂದು ಭಾಗ ಕ್ಯಾರಲ್ಟನ್-ಫಾರ್ಮರ್ಸ್ ಬ್ರಾಂಚ್ ಐಎಸ್‌ಡಿ. 'ವ್ಯಾಲಿ ರ್‍ಯಾಂಚಲ್ಲಿ ಮನೆ ಸಿಕ್ತು' ಅಂದರೆ ಶಾಲೆ ಯಾವುದು ಅಂತ ಗೊತ್ತಾದ ಹಾಗಾಗಲಿಲ್ಲ.

ಬಾಡಿಗೆ ಜಾಹೀರಾತಿನಲ್ಲಿ ಕಾಣುವ ಶಾಲೆಯ ಹೆಸರನ್ನು ನಂಬಬೇಡಿ. ಆಯಾ ಐಎಸ್‌ಡಿಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ಶಾಲೆ ನೋಡುವ ಸೌಲಭ್ಯ ಇರುತ್ತದೆ, ಅಲ್ಲಿ ಮನೆ ನಂಬರ್ ಸಮೇತ ಹಾಕಿ. ಆಮೇಲೆ ಶಾಲೆಗೆ ಫೋನ್ ಮಾಡಿ, ದಾಖಲಾತಿ ನೋಡಿಕೊಳ್ಳುವ ರಿಜಿಸ್ಟ್ರಾರ್ ಹತ್ತಿರ ಮೂರು ಪ್ರಶ್ನೆ ಕೇಳಿ. ಈ ವಿಳಾಸ ನಿಮ್ಮ ವಲಯದ್ದೇ? ನಮ್ಮ ಮಗುವಿನ ತರಗತಿಯಲ್ಲಿ ಜಾಗವಿದೆಯೇ? ಮುಂದಿನ ವರ್ಷಕ್ಕೆ ಗಡಿ ಬದಲಾಯಿಸುವ ಮಾತಿದೆಯೇ? ಎರಡನೆಯದನ್ನು ಜನ ಕೇಳುವುದೇ ಇಲ್ಲ. ತರಗತಿ ತುಂಬಿದ್ದರೆ, ವಲಯದೊಳಗೇ ಇದ್ದರೂ ಮಗುವನ್ನು ಪಕ್ಕದ ಶಾಲೆಗೆ ಕಳಿಸುವುದುಂಟು.

ಗಡಿ ಬದಲಾವಣೆ ನಮಗೇನೂ ಹೊಸದಲ್ಲ. ಹರಪನಹಳ್ಳಿಯ ಮನೆಗಳು ಇದ್ದಲ್ಲೇ ಇದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂದವು, 2018ರಲ್ಲಿ ಬಳ್ಳಾರಿಗೆ ಹೋದವು, 2021ರಲ್ಲಿ ವಿಜಯನಗರದ ಪಾಲಾದವು. ಡಲ್ಲಾಸ್ ಕಡೆಯೂ ಇದೇ ಕಥೆ. ಹೊಸ ಬಡಾವಣೆ ಎದ್ದ ಕಡೆ ಹೊಸ ಶಾಲೆ ಬಂದು ಗಡಿ ಸರಿಯುತ್ತದೆ. ಹಳೆ ಬಡಾವಣೆಯಲ್ಲಿ ಮಕ್ಕಳು ಕಡಿಮೆಯಾಗಿ ಶಾಲೆಯೇ ಮುಚ್ಚುತ್ತದೆ. ಪ್ಲೇನೋ ಐಎಸ್‌ಡಿ ಅದೇ ಕಾರಣಕ್ಕೆ ನಾಲ್ಕು ಶಾಲೆ ಮುಚ್ಚುವ ತೀರ್ಮಾನವನ್ನು 2024ರಲ್ಲಿ ತೆಗೆದುಕೊಂಡಿತು. ವಲಯದ ಅಂಚಿನ ಬೀದಿಯಲ್ಲಿ ಮನೆ ಕೊಳ್ಳುವವರು ಇದನ್ನು ನೆನಪಿಡಬೇಕು. ನಡುವಿನ ಬೀದಿಗಳಿಗೆ ಈ ಭಯ ಕಡಿಮೆ.

'ಈ ಶಾಲೆ ಚೆನ್ನಾಗಿದೆಯಾ?' ಅಂತ ರಿಯಲ್ ಎಸ್ಟೇಟ್ ಏಜೆಂಟರನ್ನು ಕೇಳಿದರೆ ಮಾತು ತೇಲಿಸಿಬಿಡುತ್ತಾರೆ. ಅವರಿಗೆ ಗೊತ್ತಿಲ್ಲ ಅಂತಲ್ಲ. ಗಿರಾಕಿಯನ್ನು ಒಂದು ಬಡಾವಣೆಯ ಕಡೆಗೋ ಇನ್ನೊಂದರಿಂದ ದೂರಕ್ಕೋ ತಳ್ಳಿದಂತಾದರೆ ಮನೆ ಕೊಡುವುದರಲ್ಲಿ ಭೇದ ಮಾಡಬಾರದು ಅನ್ನುವ 1968ರ ಫೇರ್ ಹೌಸಿಂಗ್ ಕಾಯ್ದೆಯ ತಂಟೆ ಬರುತ್ತದೆ ಅನ್ನುವ ಎಚ್ಚರ. ಇನ್ನು ಶಾಲೆಗಳಿಗೆ ಅಂಕ ಕೊಡುವ ವೆಬ್‌ಸೈಟ್ ಗ್ರೇಟ್‌ಸ್ಕೂಲ್ಸ್‌ನ ಒಂದರಿಂದ ಹತ್ತರ ಅಂಕ. ಅದು ಬಹುಮಟ್ಟಿಗೆ ಪರೀಕ್ಷೆಯ ಫಲಿತಾಂಶದ ಮೇಲೆ ನಿಂತದ್ದು. ಏಳು ಮತ್ತು ಒಂಬತ್ತರ ನಡುವಿನ ವ್ಯತ್ಯಾಸಕ್ಕಾಗಿ ದಿನಕ್ಕೆ ಒಂದು ಗಂಟೆ ಜಾಸ್ತಿ ಕಾರು ಓಡಿಸುವುದು ನಮ್ಮ ದೃಷ್ಟಿಯಲ್ಲಿ ದಂಡ.

ಆ ಒಂದು ಗಂಟೆಯ ಬೆಲೆಯನ್ನು ಕೂಡಿಸಿಯೇ ನೋಡೋಣ. ಆಫೀಸು 25 ಮೈಲಿ ದೂರ ಅಂದರೆ 40 ಕಿ.ಮೀ. ಊರಲ್ಲಿದ್ದವರಿಗೆ ಇದು ದೂರ ಅನ್ನಿಸುವುದಿಲ್ಲ. ದಾವಣಗೆರೆಯಿಂದ ದುರ್ಗಕ್ಕೆ ಸುಮಾರು 60 ಕಿ.ಮೀ., ಹೈವೇಯಲ್ಲಿ ಒಂದು ಗಂಟೆಯೊಳಗೆ ಮುಟ್ಟುತ್ತೇವೆ. ಆದರೆ ಡಲ್ಲಾಸಿನಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಹೊರಡುತ್ತಾರೆ. ಹೋಗಿ ಬರಲು 50 ಮೈಲಿ, ತಿಂಗಳಿಗೆ 20 ದಿನ, ಒಟ್ಟು 1,000 ಮೈಲಿ. ಪೆಟ್ರೋಲು, ಟೈರು, ಸವಕಳಿ ಎಲ್ಲ ಸೇರಿಸಿ ಅಮೆರಿಕದ ತೆರಿಗೆ ಇಲಾಖೆ 2025ಕ್ಕೆ ಇಟ್ಟ ದರ ಮೈಲಿಗೆ 70 ಸೆಂಟ್. ಅಂದರೆ ತಿಂಗಳಿಗೆ 700 ಡಾಲರ್, ಟೋಲ್ ಬೇರೆ. ಡಲ್ಲಾಸ್ ನಾರ್ತ್ ಟೋಲ್‌ವೇ, ಸ್ಯಾಮ್ ರೇಬರ್ನ್ ಟೋಲ್‌ವೇ, ಬುಷ್ ಟರ್ನ್‌ಪೈಕ್ ಎಲ್ಲಕ್ಕೂ ದುಡ್ಡು ಕಟ್ಟಬೇಕು. ಬಂದ ವಾರವೇ ಟೋಲ್‌ಟ್ಯಾಗ್ ಹಚ್ಚಿ. ಇಲ್ಲದಿದ್ದರೆ ನಂಬರ್ ಪ್ಲೇಟ್ ಫೋಟೋ ತೆಗೆದು ಹೆಚ್ಚಿನ ದರದ ಬಿಲ್ಲು ಮನೆಗೆ ಬರುತ್ತದೆ. ಬಾಡಿಗೆ 300 ಡಾಲರ್ ಅಗ್ಗ ಅಂತ ದೂರ ಹೋದವರು ಈ ಲೆಕ್ಕ ಹಾಕಿರುವುದಿಲ್ಲ.

ದಾರಿಯನ್ನು ಭಾನುವಾರ ಮಧ್ಯಾಹ್ನ ಓಡಿಸಿ ನೋಡಿ ಪ್ರಯೋಜನವಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ಮಂಗಳವಾರ ಇಲ್ಲವೇ ಬುಧವಾರ ಬೆಳಗ್ಗೆ ಆಫೀಸು ಮುಟ್ಟಬೇಕಾದ ಸಮಯ ಹಾಕಿ, ನಡುವೆ ಶಾಲೆಯನ್ನೂ ಒಂದು ನಿಲುಗಡೆಯಾಗಿ ಸೇರಿಸಿ. ಅದಕ್ಕೆ ಮೇಲೆ ಹತ್ತು ನಿಮಿಷ ಕೂಡಿಸಿ, ಯಾಕೆಂದರೆ ಶಾಲೆಯ ಮುಂದೆ ಕಾರುಗಳ ಸಾಲು ನಿಂತಿರುತ್ತದೆ. ಆಫೀಸು ಡಲ್ಲಾಸ್ ಡೌನ್‌ಟೌನಿನಲ್ಲಿದ್ದರೆ ಪ್ಲೇನೋದ ಪಾರ್ಕರ್ ರೋಡ್ ಸ್ಟೇಷನ್ನಿನಿಂದ ಡಾರ್ಟ್ ಅನ್ನುವ ನಗರ ರೈಲಿದೆ. ಫ್ರಿಸ್ಕೋ ಆ ಜಾಲದಲ್ಲಿಲ್ಲ.

ಈಗ ಶಾಲೆಯ ದೂರ. ಸಾಮಾನ್ಯವಾಗಿ ಎರಡು ಮೈಲಿಯಾಚೆ ಇರುವವರಿಗೆ ಹಳದಿ ಬಸ್ಸು ಬರುತ್ತದೆ, ಅದಕ್ಕಿಂತ ಹತ್ತಿರದವರಿಗೆ ಇಲ್ಲ. ಅರ್ಧ ಮೈಲಿಯಾದರೆ ಮಗುವನ್ನು ನಡೆಸಿಕೊಂಡು ಹೋಗಬಹುದು. ಎಡವಟ್ಟು ಇರುವುದು ಒಂದೂವರೆ ಮೈಲಿಯಲ್ಲಿ: ಬಸ್ಸೂ ಇಲ್ಲ, ಆಗಸ್ಟಿನ 38 ಡಿಗ್ರಿ ಬಿಸಿಲಲ್ಲಿ ನಡೆಯಲೂ ಆಗದು. ಮನೆಯಲ್ಲಿ ಒಂದೇ ಕಾರು, ಹೆಂಡತಿಗೋ ಗಂಡನಿಗೋ ಇನ್ನೂ ಲೈಸೆನ್ಸ್ ಆಗಿಲ್ಲ ಅಂದರೆ ಮೊದಲ ವರ್ಷ ನಡೆದು ಹೋಗುವಷ್ಟು ಹತ್ತಿರದ ಅಪಾರ್ಟ್‌ಮೆಂಟನ್ನೇ ಹಿಡಿಯಿರಿ, ಅಡುಗೆಮನೆ ಚಿಕ್ಕದಿದ್ದರೂ ಪರವಾಗಿಲ್ಲ.

ಮೊದಲ ವರ್ಷ ಬಾಡಿಗೆ ಮನೆಯೇ ಸರಿ. ಆದರೆ ಲೀಸ್ (ಅಲ್ಲಿ ತಿಂಗಳ ಬಾಡಿಗೆಯ ಕರಾರಿಗೇ ಈ ಹೆಸರು) ಯಾವಾಗ ಮುಗಿಯುತ್ತದೆ ಅಂತ ನೋಡಿ. ಶಾಲೆ ಶುರುವಾಗುವುದು ಆಗಸ್ಟಿನಲ್ಲಿ. ಜನವರಿಯಲ್ಲಿ ಬಂದು 12 ತಿಂಗಳ ಲೀಸ್ ಮಾಡಿದರೆ ಮುಂದಿನ ಜನವರಿಯಲ್ಲಿ, ವರ್ಷದ ನಡುವೆ, ಮಗು ಶಾಲೆ ಬಿಡಬೇಕಾಗಬಹುದು. ಆರು ತಿಂಗಳದ್ದೋ ಹದಿನೆಂಟು ತಿಂಗಳದ್ದೋ ಕೇಳಿ ನೋಡಿ. ಲೀಸ್‌ನಲ್ಲಿ ತಂದೆ ಅಥವಾ ತಾಯಿಯ ಹೆಸರಿರಲೇಬೇಕು. ದಾಖಲಾತಿಗೆ ಅದರ ಜೊತೆ ಕರೆಂಟ್ ಅಥವಾ ನೀರಿನ ಬಿಲ್ಲನ್ನೂ ಕೇಳುತ್ತಾರೆ.

ಕೊಳ್ಳುವ ಕಾಲಕ್ಕೆ ಟೆಕ್ಸಸ್‌ನ ಆಸ್ತಿ ತೆರಿಗೆ ಎದುರಾಗುತ್ತದೆ. ರಾಜ್ಯದ ಆದಾಯ ತೆರಿಗೆ ಇಲ್ಲದ ಹೊರೆಯೆಲ್ಲ ಇಲ್ಲಿ ಬಂದು ಕೂತಿದೆ, ಅದರ ದೊಡ್ಡ ಪಾಲು ಶಾಲೆಗೇ ಹೋಗುತ್ತದೆ. ಸ್ವಂತ ವಾಸದ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ ಇದೆ, ಅಂದರೆ ಮನೆಯ ಬೆಲೆಯಲ್ಲಿ ಇಷ್ಟು ಮೊತ್ತ ಬಿಟ್ಟು ಉಳಿದದ್ದಕ್ಕೆ ತೆರಿಗೆ. ಶಾಲಾ ತೆರಿಗೆಯ ಲೆಕ್ಕದಲ್ಲಿ ಅದು 2023ರಲ್ಲಿ 1,00,000 ಡಾಲರ್ ಆಯಿತು, 2025ರ ನವೆಂಬರಿನಲ್ಲಿ ಮತದಾರರು 1,40,000ಕ್ಕೆ ಒಪ್ಪಿದರು. ಅರ್ಜಿ ಹಾಕದಿದ್ದರೆ ಸಿಗುವುದಿಲ್ಲ. ಹೊಸ ಲೇಔಟುಗಳಲ್ಲಿ ನೀರು, ಒಳಚರಂಡಿಯ ಸಾಲ ತೀರಿಸಲು ಮಡ್ ಅನ್ನುವ ಇನ್ನೊಂದು ತೆರಿಗೆ ಇರಬಹುದು. 5 ಲಕ್ಷ ಡಾಲರ್ ಮನೆಗೆ ಅದು 0.6 ಪರ್ಸೆಂಟ್ ಅಂದುಕೊಂಡರೂ ವರ್ಷಕ್ಕೆ 3,000.

ಊರು ಬಿಡುವ ಮೊದಲೇ ಮುಗಿಸಬೇಕಾದ ಕೆಲಸ ಲಸಿಕೆಯದು. ತಾಯಿ ಕಾರ್ಡನ್ನೇ ಒಯ್ದರೆ ಅಲ್ಲಿ ಓದುವವರಿಲ್ಲ. ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಬರೆಸಿ, ತಿಂಗಳ ಹೆಸರನ್ನು ಅಕ್ಷರದಲ್ಲೇ ಹಾಕಿಸಿ. 05/08 ಅಂದರೆ ಅಲ್ಲಿ ಮೇ 8. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿರುವುದು ದಡಾರ, ರುಬೆಲ್ಲಾದ ಎಂಆರ್, ಅಲ್ಲಿ ಕೇಳುವುದು ಮಂಗನಬಾವಿಗೂ ಸೇರಿದ ಎಂಎಂಆರ್. ಸೀತಾಳೆ ಸಿಡುಬು, ಹೆಪಟೈಟಿಸ್ ಎ ಲಸಿಕೆಗಳೂ ಬೇಕು, ಅವು ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ. ಡೋಸುಗಳ ನಡುವೆ ತಿಂಗಳುಗಟ್ಟಲೆ ಅಂತರ ಬೇಕಾದ್ದರಿಂದ ವೀಸಾ ಕೈಗೆ ಬಂದ ಮೇಲೆ ಓಡಾಡಿದರೆ ಹೊತ್ತು ಸಾಲದು. ವಯಸ್ಸಿನ ಲೆಕ್ಕ ಸೆಪ್ಟೆಂಬರ್ 1ಕ್ಕೆ: ಅಂದಿಗೆ ಐದು ತುಂಬಿದರೆ ಕಿಂಡರ್‌ಗಾರ್ಟನ್.

ದಾಖಲಾತಿ ಅರ್ಜಿಯಲ್ಲಿ ಮನೆಮಾತು ಯಾವುದು ಅಂತ ಕೇಳುತ್ತಾರೆ. ಕನ್ನಡ ಅಂತ ಬರೆದರೆ ಮಗುವಿಗೆ ಇಂಗ್ಲಿಷಿನ ಒಂದು ಪರೀಕ್ಷೆ ಇಡುತ್ತಾರೆ, ಬೇಕಿದ್ದರೆ ಹೆಚ್ಚುವರಿ ಪಾಠ ಕೊಡುತ್ತಾರೆ. ಇದಕ್ಕೆ ಹೆದರಿ ಇಂಗ್ಲಿಷ್ ಅಂತ ಸುಳ್ಳು ಬರೆಯುವುದು ಬೇಡ.

ಊರಿಂದ ಅಮ್ಮ ಬಂದಾಗ ಮೊಮ್ಮಗನನ್ನು ಶಾಲೆಯಿಂದ ಕರೆತರುವ ಆಸೆ ಅವರಿಗೂ ಇರುತ್ತದೆ. ಅವರ ಹೆಸರನ್ನು ಶಾಲೆಯ ಪಟ್ಟಿಗೆ ಮೊದಲೇ ಸೇರಿಸಿ, ಫೋಟೋ ಇರುವ ಗುರುತು ಪತ್ರ ತೋರಿಸಬೇಕಾಗುತ್ತದೆ. ನಮ್ಮ ಕಡೆ ಹಿರಿಯರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವುದು ಮಾಮೂಲು. ಅಂಥವರ ಅಮೆರಿಕ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದಿರುತ್ತದೆ. ಶಾಲೆಯವರಿಗೆ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಕೊಡಿ, ಪೂರ್ತಿ ಹೆಸರು ಅಂತ ಊರು, ಅಪ್ಪನ ಹೆಸರು ಸೇರಿಸಬೇಡಿ. ಪಟ್ಟಿಯ ಹೆಸರು ಒಂದು, ಕೈಯಲ್ಲಿರುವ ಗುರುತು ಪತ್ರ ಇನ್ನೊಂದು ಅಂದರೆ ಮಗುವನ್ನು ಕಳಿಸಿಕೊಡುವುದಿಲ್ಲ.