ಕೂಸು ಕಾಳು ನೋಡಲಿಲ್ಲ, ನನ್ನ ಮುಖ ನೋಡಿತು

ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. 11 ವರ್ಷ ಆಯ್ತು. ಮೂರರಿಂದ ಆರು ವರ್ಷದ 22 ಮಕ್ಕಳು ಬರುತ್ತಾರೆ. ರಾಶಿ ಮುಗಿದು ಮನೆಮಂದಿ ಪುಣೆ, ಮುಂಬೈ ಕಡೆ ದುಡಿಯೋಕೆ ಹೊರಟರೆ ಅದು ಹತ್ತು ಹನ್ನೆರಡಕ್ಕೆ ಇಳಿಯುತ್ತದೆ.

ತರಬೇತಿಗೆ ಹೋದಾಗಲೆಲ್ಲ ಪಿಯಾಜೆ ಅನ್ನೋ ಹೆಸರು ಬರುತ್ತಿತ್ತು, ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಹುಡುಕಿದ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ. ಎರಡರಿಂದ ಏಳು ವರ್ಷದ ಮಗು ಕಣ್ಣಿಗೆ ಕಂಡದ್ದನ್ನೇ ನಂಬುತ್ತದೆ, ಸಾಲು ಉದ್ದ ಮಾಡಿದರೆ ಕಾಳೂ ಜಾಸ್ತಿ ಆಯ್ತು ಅನ್ನುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಬರೆದು ಮರೆತೂ ಬಿಟ್ಟಿದ್ದೆ.

ಒಂದು ಜನವರಿ. ಊರೆಲ್ಲ ತೊಗರಿ ರಾಶಿ ನಡೆದಿತ್ತು, ಮಕ್ಕಳ ಜೇಬಿನ ತುಂಬ ಕಾಳು. ಒಮ್ಮೆ ಮಾಡಿಯೇ ನೋಡೋಣ ಅನ್ನಿಸಿತು. ಶಹಾಬಾದ್ ಪರಸಿಯ ನೆಲದ ಮೇಲೆ ಆರು ಕಾಳು ಸಾಲಾಗಿ ಇಟ್ಟೆ, ಅದರ ಕೆಳಗೆ ಇನ್ನೊಂದು ಸಾಲು, ಅದರಲ್ಲೂ ಆರು. ಎದುರಿಗೆ ನಾಲ್ಕೂವರೆ ವರ್ಷದ ಹುಡುಗಿ. "ಯಾವುದರಾಗ ಜಾಸ್ತಿ ಅದಾವ?" ಅಂದೆ. "ಎರಡೂ ಅಷ್ಟೇ" ಅಂದಳು. ಕೆಳಗಿನ ಸಾಲನ್ನು ಅವಳ ಕಣ್ಣೆದುರೇ ಹರವಿ ಉದ್ದ ಮಾಡಿದೆ. "ಈಗ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು, ಆಮೇಲೆ ಮೆಲ್ಲಗೆ ಉದ್ದದ ಸಾಲಿಗೆ ಬೆರಳು ತೋರಿಸಿದಳು.

ಪುಸ್ತಕದಲ್ಲಿ ಹೇಳಿದ ಹಾಗೇ ಆಯ್ತಲ್ಲ ಅಂತ ನನಗೆ ಖುಷಿ. ಆದರೆ ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದ ನಮ್ಮ ಸಹಾಯಕಿ ಒಂದು ಮಾತು ಅಂದಳು: "ಟೀಚರ್, ಕೂಸು ಕಾಳು ನೋಡೇ ಇಲ್ಲ. ನಿಮ್ಮ ಮಾರಿ ನೋಡಿ ಹೇಳ್ಯದ."

ಈ ಮಾತು ನನ್ನನ್ನು ಬಿಡಲಿಲ್ಲ. ಮುಂದಿನ ತರಬೇತಿಯಲ್ಲಿ ಕೇಳಿಯೇ ಬಿಟ್ಟೆ. ಇದೇ ಅನುಮಾನ ಮಾರ್ಗರೆಟ್ ಡೊನಾಲ್ಡ್‌ಸನ್ ಅವರಿಗೂ ಬಂದಿತ್ತಂತೆ. ಅವರು ಸ್ಕಾಟ್ಲೆಂಡಿನ ಮನಶ್ಶಾಸ್ತ್ರಜ್ಞೆ. 1970ರ ದಶಕದಲ್ಲಿ ಮ್ಯಾಕ್‌ಗ್ಯಾರಿಗಲ್ ಅನ್ನೋರ ಜೊತೆ ಸೇರಿ ಅದೇ ಪರೀಕ್ಷೆ ಮಾಡಿದರು, ಆದರೆ ಸಾಲನ್ನು ದೊಡ್ಡವರು ಕದಲಿಸಲಿಲ್ಲ, ಒಂದು ತುಂಟ ಕರಡಿ ಗೊಂಬೆ ಬಂದು ಕೆಡಿಸುವ ಹಾಗೆ ಮಾಡಿದರು. ಆಗ ಎಷ್ಟೋ ಜಾಸ್ತಿ ಮಕ್ಕಳು ಸರಿಯಾಗಿ ಹೇಳಿದರು. ಕಾರಣ ಯೋಚಿಸಿದರೆ ಅರ್ಥ ಆಗುತ್ತದೆ. ದೊಡ್ಡವರು ಬೇಕಂತಲೇ ಏನೋ ಬದಲಿಸಿ, ಅದೇ ಪ್ರಶ್ನೆ ಮತ್ತೆ ಕೇಳಿದರೆ, ಮೊದಲು ಹೇಳಿದ್ದು ತಪ್ಪೇನೋ, ಈಗ ಬೇರೆ ಹೇಳಬೇಕೇನೋ ಅಂತ ಮಗು ಅಂದುಕೊಳ್ಳುತ್ತದೆ. ನಾವೂ ಹಾಗೇ ಅಲ್ವಾ? ಸೂಪರ್‌ವೈಸರ್ ಒಂದೇ ಲೆಕ್ಕ ಎರಡು ಸಲ ಕೇಳಿದರೆ ಸರಿ ಇದ್ದದ್ದೂ ತಪ್ಪು ಅನ್ನಿಸುತ್ತದೆ.

ನಮ್ಮಲ್ಲಿ ಕರಡಿ ಎಲ್ಲಿಂದ ಬರಬೇಕು? ಸಹಾಯಕಿ ತನ್ನ ಅವ್ವನ ಹಳೆಯ ಫೇಟಿಯಾ (ಲಂಬಾಣಿ ಲಂಗ) ತುಂಡಿನಲ್ಲಿ ಒಂದು ಗೊಂಬೆ ಹೊಲಿದಳು, ಹೊಟ್ಟೆ ಮೇಲೆ ಎರಡು ಕನ್ನಡಿ ಚೂರು ಸಮೇತ. ಮಕ್ಕಳೇ ಅದಕ್ಕೆ ಖೋಡಿ ಅಂತ ಹೆಸರಿಟ್ಟರು. ಎರಡು ಸಾಲು ಇಟ್ಟೆವು, ಖೋಡಿ ಓಡಿ ಬಂದು ಕೆಳಗಿನ ಸಾಲಿನ ಮೇಲೆ ಬಿದ್ದಳು, ಕಾಳು ದೂರ ದೂರ ಸರಿದವು, ಮಕ್ಕಳು ಬಿದ್ದು ಬಿದ್ದು ನಕ್ಕರು. ಅದೇ ಹುಡುಗಿಗೆ ಕೇಳಿದೆ. ಈ ಸಲ ಅವಳ ಕಣ್ಣು ಕಾಳಿನ ಮೇಲೇ ಇತ್ತು. "ಅಷ್ಟೇ ಅದಾವ. ಅಕಿ ಸುಮ್ನ ಕೆಡಿಸ್ಯಾಳ" ಅಂದಳು. ನಾಲ್ಕು, ಐದು ವರ್ಷದ ಎಂಟು ಮಕ್ಕಳಲ್ಲಿ ಐವರು ಹಾಗೇ ಹೇಳಿದರು. ಮೂರು ವರ್ಷ ದಾಟಿದ ಇಬ್ಬರು ಮಾತ್ರ ಖೋಡಿ ಕೆಡಿಸಿದರೂ ಉದ್ದದ ಸಾಲನ್ನೇ ಹಿಡಿದು ಕೂತರು.

ಹಾಗಂತ ಪಿಯಾಜೆ ತಪ್ಪು ಅಂತ ನಾನು ಹೇಳೋದಿಲ್ಲ. ಆ ಇಬ್ಬರನ್ನು ನೋಡಿದರೆ ಅವರ ಮಾತೂ ನಿಜವೇ. 1920ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿ ಅಳೆಯುವ ಪರೀಕ್ಷೆಗಳ ಕೆಲಸದಲ್ಲಿದ್ದಾಗ, ಸರಿ ಉತ್ತರ ಬಿಟ್ಟು ತಪ್ಪು ಉತ್ತರದ ಬೆನ್ನು ಹತ್ತಿದವರು ಅವರು. ಮಗು ಯಾಕೆ ಹೀಗಂತು ಅಂತ ಕೇಳುವ ರೂಢಿಯನ್ನೇ ಅವರು ಹಾಕಿಕೊಟ್ಟರು. ನಾನು ಅವರ ಪರೀಕ್ಷೆ ತೆಗೆದುಕೊಂಡೆ, ಆ ರೂಢಿ ಬಿಟ್ಟಿದ್ದೆ.

ಇನ್ನೊಂದು ತಪ್ಪೂ ಆಗಿತ್ತು. ಮನೆಯಲ್ಲಿ ಲಂಬಾಣಿ ಮಾತಾಡುವ ಮಕ್ಕಳಿಗೆ ನಾನು ಕನ್ನಡದಲ್ಲೇ ಕೇಳುತ್ತಿದ್ದೆ. ಅವ್ವನಿಗೆ "ಯಾಡಿ" ಅನ್ನೋ ಕೂಸಿಗೆ "ಅವ್ವ" ಅನ್ನು ಅಂತ ತಿದ್ದುತ್ತಿದ್ದೆ. ಈಗ ತಿದ್ದೋದಿಲ್ಲ. ಐದು ದಾಟಿದ ಒಬ್ಬಳನ್ನು ಜೊತೆಗೆ ಕೂರಿಸುತ್ತೇನೆ, ಅವಳು ತನ್ನ ಮಾತಿನಲ್ಲಿ ಕೇಳುತ್ತಾಳೆ, ಚಿಕ್ಕವನು ಬಾಯಿ ಬಿಡುತ್ತಾನೆ. ನನಗೆ ವಾರಗಟ್ಟಲೆ ಆಗದ್ದು ಅವಳಿಗೆ ಒಂದು ಗಳಿಗೆಯಲ್ಲಿ ಆಗುತ್ತದೆ. ಇವತ್ತು ಇನ್ನೊಬ್ಬರ ಜೊತೆ ಮಾಡಿದ್ದನ್ನು ನಾಳೆ ಮಗು ಒಂಟಿಯಾಗಿ ಮಾಡುತ್ತದೆ ಅಂತ ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಹೇಳಿದ್ದು ಇದನ್ನೇ. ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿ, 37ಕ್ಕೇ ತೀರಿಕೊಂಡವರು ಅವರು. ಎಷ್ಟು ಹೇಳೋದು ಬಾಕಿ ಇತ್ತೋ!

ನೀವೂ ಮಾಡುವುದಾದರೆ ಒಂದು ಮಾತು. ಮೂರು ವರ್ಷದವರ ಕೈಗೆ ತೊಗರಿ ಕೊಟ್ಟು ಎದ್ದು ಹೋಗಬೇಡಿ, ಮೂಗಿನಲ್ಲಿ ಹಾಕಿಕೊಳ್ಳುತ್ತಾರೆ. ಅವರಿಗೆ ನಾನು ಬಾಟಲಿ ಮುಚ್ಚಳ ಇಡುತ್ತೇನೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ, ಮುಖ ಕೆಳಗೆ ಮಾಡಿಕೊಂಡು. ಮಕ್ಕಳು ಅಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅಂತ ನನಗೆ ಮೊದಲು ಗೊತ್ತೇ ಇರಲಿಲ್ಲ. ಉದ್ದದ ಸಾಲು ಹಿಡಿದು ಕೂತ ಆ ಇಬ್ಬರನ್ನು ಮತ್ತೆ ಕೆದಕಿಲ್ಲ. ಮುಂದಿನ ರಾಶಿ ಹೊತ್ತಿಗೆ ಅವರಿಗೆ ನಾಲ್ಕು ತುಂಬಿರುತ್ತದೆ. ಆಗ ಖೋಡಿಯನ್ನು ಕರೆದುಕೊಂಡು ಹೋಗಿ ಕೇಳುತ್ತೇನೆ, ಒಂದೇ ಸಲ.